ಸೋತವರ ಮಾತಿಲ್ಲದ ತೀರ್ಪು

ಆ ಮೇಲ್ಮನವಿಗೆ ನಾನು ಅರ್ಧ ದಿನವಷ್ಟೇ ಎತ್ತಿಟ್ಟಿದ್ದೆ. 2010ರ ದಶಕದ ನಡುಭಾಗ ಅದು. ಸಿಂಗಪುರದಲ್ಲಿ ಕೆಳಗಿನ ನ್ಯಾಯಾಲಯಗಳು ಕೊಟ್ಟ ಕೌಟುಂಬಿಕ ತೀರ್ಪುಗಳ ಮೇಲೆ ಬರುವ ಮೇಲ್ಮನವಿಗಳನ್ನು ಒಬ್ಬಳೇ ಕೂತು ಕೇಳುವುದು ಆಗ ನನ್ನ ಕೆಲಸವಾಗಿತ್ತು. ಮೇಲ್ಮನವಿಯ ನ್ಯಾಯಾಧೀಶರು ಸಾಕ್ಷಿಗಳ ಮುಖ ನೋಡುವುದಿಲ್ಲ, ಕಾಗದ ನೋಡುತ್ತಾರೆ. ಮೊದಲು ಕೆಳಗಿನವರು ಬರೆದ ತೀರ್ಪು, ಆಮೇಲೆ ಎರಡೂ ಕಡೆಯವರ ವಾದ. ಸಾಕ್ಷ್ಯದ ದಾಖಲೆ ಸಂಪುಟಗಟ್ಟಲೆ ಇರುತ್ತದೆ, ಅದರಲ್ಲಿ ವಾದದವರು ಬೆರಳಿಟ್ಟು ತೋರಿಸಿದ ಪುಟಗಳನ್ನಷ್ಟೇ ತೆರೆಯುವುದು ವಾಡಿಕೆ. ನಾನೂ ಹಾಗೆಯೇ ಮಾಡುತ್ತಿದ್ದೆ.

ಪ್ರಕರಣ ಒಂದು ಹೆಣ್ಣುಮಗುವಿನದು. ಎಂಟು ವರ್ಷ. ತಂದೆ ಬೆಂಗಳೂರಿನವರು, ತಾಯಿ ಉಡುಪಿ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದು ಕಾಯಂ ನಿವಾಸಿಗಳಾಗಿ ನೆಲೆಸಿ, ಆಮೇಲೆ ವಿಚ್ಛೇದನ ಪಡೆದಿದ್ದರು. ತಂದೆಗೆ ದುಬೈನಲ್ಲಿ ಕೆಲಸ ಸಿಕ್ಕಿತ್ತು, ಮಗಳನ್ನು ಜೊತೆಗೆ ಕರೆದೊಯ್ಯಲು ಅನುಮತಿ ಕೇಳಿದ್ದರು. ಕೆಳಗಿನ ನ್ಯಾಯಾಲಯ ಅನುಮತಿ ಕೊಟ್ಟಿತ್ತು. ತಾಯಿ ಮೇಲ್ಮನವಿ ಹಾಕಿದ್ದರಿಂದ ಆದೇಶಕ್ಕೆ ತಡೆ ಬಿದ್ದು, ಮಗುವಿನ ಪಾಸ್‌ಪೋರ್ಟ್ ಕೋರ್ಟಿನ ವಶದಲ್ಲಿತ್ತು. ತಾಯಿ ಬುವೊನಾ ವಿಸ್ಟಾದ ಒಂದು ಸಂಶೋಧನಾ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಮೇಲ್ಮನವಿಯಲ್ಲಿ ಅವರಿಗೆ ವಕೀಲರಿರಲಿಲ್ಲ. ತಮ್ಮ ವಾದವನ್ನು ತಾವೇ ಹೇಳಲು ಬಂದಿದ್ದರು.

ಕೆಳಗಿನ ತೀರ್ಪು ಸೊಗಸಾಗಿತ್ತು. ವಾಕ್ಯಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಎಲ್ಲೂ ತಡವರಿಕೆ ಇಲ್ಲ. ಬರೆದವರ ಹೆಸರು ನೋಡಿ ಖುಷಿಯೇ ಆಗಿತ್ತು. ನಾನು ಸೇವೆಗೆ ಸೇರಿದ ಹೊಸದರಲ್ಲಿ ಅವರ ಕೈಕೆಳಗೆ ಕೆಲಸ ಕಲಿತವಳು. ತೀರ್ಪು ಬರೆಯುವುದು ಹೇಗೆ ಎಂದು ನನಗೆ ತೋರಿಸಿಕೊಟ್ಟವರು ಅವರು. ಮೊದಲು ಸೋಲುವವರ ವಾದ ಬರಿ, ಅವರು ಹೇಳಿದ್ದಕ್ಕಿಂತ ಚೆನ್ನಾಗಿ ಬರಿ, ಆಮೇಲೆ ಅದು ಯಾಕೆ ನಿಲ್ಲುವುದಿಲ್ಲ ಎಂದು ಹೇಳು, ಎನ್ನುತ್ತಿದ್ದರು. ನಾನು ಬರೆದ ಮೊದಲ ಕೆಲವು ತೀರ್ಪುಗಳನ್ನು ಅವರು ಪೆನ್ಸಿಲಿನಲ್ಲಿ ಗೀಚಿ ಗೀಚಿ ವಾಪಸು ಕೊಟ್ಟಿದ್ದರು.

ವಿಚಾರಣೆ ನನ್ನ ಕೊಠಡಿಯಲ್ಲಿ, ಉದ್ದ ಮೇಜಿನ ಸುತ್ತ ನಡೆಯಿತು. ಒಂದು ಕಡೆ ತಂದೆ ಮತ್ತು ಅವರ ವಕೀಲೆ, ಇನ್ನೊಂದು ಕಡೆ ತಾಯಿ, ಒಬ್ಬರೇ. ಮಾತುಕತೆ ಇಂಗ್ಲಿಷಿನಲ್ಲಿ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯುವರ್ ಆನರ್, ನಾನು ಹೇಳಿದ್ದು ಆ ತೀರ್ಪಿನಲ್ಲಿ ಇಲ್ಲ," ಎಂದರು ತಾಯಿ.

"ಯಾವ ಮಾತು ಇಲ್ಲ?"

"ಯಾವುದೂ ಇಲ್ಲ."

ಸೋತವರು ಹೀಗೆ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಸಾಮಾನ್ಯವಾಗಿ ಅದರ ಅರ್ಥ, ನಾನು ಹೇಳಿದ್ದನ್ನು ಅವರು ಒಪ್ಪಲಿಲ್ಲ ಎಂದು. ನಾನು ತಾಳ್ಮೆಯಿಂದ, ಅಂದರೆ ತಾಳ್ಮೆ ತೋರಿಸುತ್ತ, ಒಂದು ಪ್ರಶ್ನೆ ಕೇಳಿದೆ. "ಮಗಳ ಆರೋಗ್ಯದಲ್ಲಿ, ಓದಿನಲ್ಲಿ, ವಿಶೇಷವಾಗಿ ಗಮನಿಸಬೇಕಾದ್ದು ಏನಾದರೂ ಇದೆಯೇ?"

ಅವರು ತಮ್ಮ ಮುಂದಿದ್ದ ಕಾಗದಗಳ ಕಡೆ ತಲೆ ಬಗ್ಗಿಸಿ, ಕನ್ನಡದಲ್ಲಿ, ತಮಗೆ ತಾವೇ ಹೇಳಿಕೊಂಡರು. "ಇವ್ರೂ ಓದಿಲ್ಲ."

ಆ ಮಾತು ನನಗೆ ಅರ್ಥವಾಯಿತು. ನನ್ನ ಅಪ್ಪ ಅಮ್ಮ ಮೈಸೂರಿನಿಂದ ಬಂದವರು. ಈ ಊರಿನಲ್ಲೇ ಬೆಳೆದರೂ ನನ್ನ ಮನೆಮಾತು ಕನ್ನಡ. ಕೋರ್ಟಿನಲ್ಲಿ ಹೆಚ್ಚಿನವರು ನನ್ನನ್ನು ತಮಿಳರವಳು ಎಂದುಕೊಳ್ಳುತ್ತಿದ್ದರು, ನಾನು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಮೇಜಿನ ಆಚೆ ತಂದೆಯೂ ಆ ಮಾತು ಕೇಳಿಸಿಕೊಂಡು ಕಣ್ಣು ಕೆಳಗೆ ಹಾಕಿದ್ದರು. ಅವರ ವಕೀಲೆ ಏನೂ ತಿಳಿಯದೆ ಪೆನ್ನು ಹಿಡಿದು ಕಾಯುತ್ತಿದ್ದರು. ಕೇಳಿಸದವಳ ಹಾಗೆ ಮುಂದುವರಿಯಬಹುದಿತ್ತು. ಆದರೆ ಆಕೆ ಹೇಳಿದ್ದು ನಿಜವಾಗಿತ್ತು.

"ನನಗೆ ಕನ್ನಡ ಬರುತ್ತದೆ," ಎಂದೆ, ಮೂವರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ. "ಅವರು ಹೇಳಿದ್ದು, ನಾನೂ ಓದಿಲ್ಲ ಎಂದು. ಸಾಕ್ಷ್ಯವನ್ನು ಪೂರ್ತಿ ಓದಿಲ್ಲ, ಅದು ಸರಿ. ವಿಚಾರಣೆ ಮುಂದೂಡುತ್ತೇನೆ. ಓದುತ್ತೇನೆ."

ತಾಯಿ ಕಾಗದಗಳಿಂದ ತಲೆ ಎತ್ತಿದರು. "ಸಾರಿ ಮೇಡಂ," ಎಂದರು ಕನ್ನಡದಲ್ಲಿ, "ನಿಮಗೆ ಗೊತ್ತಾಗಲ್ಲ ಅಂದ್ಕೊಂಡೆ."

ಶನಿವಾರ ಬೆಳಿಗ್ಗೆ ಖಾಲಿ ಕಚೇರಿಯಲ್ಲಿ ಸಂಪುಟಗಳನ್ನು ತೆರೆದೆ. ತಾಯಿ ಎರಡು ದಿನ ಸಾಕ್ಷಿ ಹೇಳಿದ್ದರು. ಆ ಎರಡು ದಿನದ ಬಹುಪಾಲು ಒಂದೇ ವಿಷಯ. ಮಗಳು ತೊದಲುತ್ತಾಳೆ. ಶಾಲೆಯಲ್ಲಿ ತನ್ನ ಹೆಸರು ಹೇಳಲಾರದೆ ಅತ್ತು ಬಂದ ಮೇಲೆ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ವಾರವಾರ ಕರೆದೊಯ್ಯುತ್ತಿದ್ದಾರೆ. ಬಸ್ಸಿನ ಮೇಲಂತಸ್ತಿನಲ್ಲಿ ಕೂತು ತಾಯಿ ಮಗಳು ಆ ವಾರದ ಶಬ್ದಗಳನ್ನು ಅಂಗಡಿಗಳ ಬೋರ್ಡು ನೋಡಿ ಅಭ್ಯಾಸ ಮಾಡುತ್ತಾರೆ. ಈಗೀಗ ಹಾಕರ್ ಸೆಂಟರಿನ ಊಟದ ಅಂಗಡಿಗಳಲ್ಲಿ ತನಗೆ ಬೇಕಾದ್ದನ್ನು ತಾನೇ ಆರ್ಡರ್ ಮಾಡುತ್ತಾಳೆ. ಊರು ಬದಲಾದರೆ, ಮನುಷ್ಯರು ಬದಲಾದರೆ, ಇದೆಲ್ಲ ಕೆಡಬಹುದು ಎಂದು ಆ ಥೆರಪಿಸ್ಟ್ ಕೂಡ ಬಂದು ಹೇಳಿದ್ದರು.

ತೀರ್ಪಿನಲ್ಲಿ ಇದನ್ನು ಹುಡುಕಿದೆ. ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಿದೆ. ತೊದಲು ಎಂಬ ಪದವೇ ಇರಲಿಲ್ಲ. ಥೆರಪಿಸ್ಟ್ ಸಾಕ್ಷಿ ಹೇಳಿದ್ದಾರೆ ಎಂಬ ಸಂಗತಿಯೂ ಇರಲಿಲ್ಲ. ಒಬ್ಬ ನ್ಯಾಯಾಧೀಶರು ಇದನ್ನು ಕೇಳಿ, ತೂಗಿ, ಸಾಲದು ಎಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಕೇಳಲೇ ಇಲ್ಲ ಎಂಬಂತೆ ಬರೆದದ್ದು ಹೇಗೆ? ಆಗಲೇ ನಾನು ಕೆಳಗಿನ ನ್ಯಾಯಾಲಯದಲ್ಲಿ ತಂದೆಯ ಪರ ಸಲ್ಲಿಸಿದ್ದ ಅಂತಿಮ ಲಿಖಿತ ವಾದವನ್ನು ತೆರೆದದ್ದು.

ಎರಡನ್ನೂ ಪಕ್ಕಪಕ್ಕ ಇಟ್ಟೆ. ಮೊದಲ ಪುಟ ಮುಗಿಯುವ ಮೊದಲೇ ಗೊತ್ತಾಯಿತು. ಪ್ಯಾರಾದ ನಂತರ ಪ್ಯಾರಾ ಅದೇ ವಾಕ್ಯಗಳು. "ಅರ್ಜಿದಾರರು ವಾದಿಸುತ್ತಾರೆ" ಎಂದು ಇದ್ದ ಕಡೆ "ನನಗೆ ಮನವರಿಕೆಯಾಗಿದೆ" ಎಂದಾಗಿತ್ತು, ಅಷ್ಟೇ. ನಾನು ಮೆಚ್ಚಿಕೊಂಡಿದ್ದ ಸೊಗಸು ವಕೀಲೆಯದು. ಲಿಖಿತ ವಾದದ ಒಂದು ಕಡೆ ಮಗುವಿನ ಹೆಸರನ್ನು ತಪ್ಪಾಗಿ ಟೈಪ್ ಮಾಡಿದ್ದರು, ಇಂಗ್ಲಿಷಿನ ಎರಡು ಎ ಇರಬೇಕಾದಲ್ಲಿ ಒಂದೇ ಎ. ತೀರ್ಪಿನಲ್ಲೂ ಅದೇ ಜಾಗದಲ್ಲಿ ಒಂದೇ ಎ. ಮಗು ಯಾರ ಜೊತೆ, ಯಾವ ದೇಶದಲ್ಲಿ ಬೆಳೆಯಬೇಕು ಎಂದು ಹೇಳುವ ವಾಕ್ಯದಲ್ಲಿ ಆ ಮಗುವಿನ ಹೆಸರೇ ಕೆಟ್ಟಿತ್ತು.

ಈ ಹೋಲಿಕೆಯ ಕೆಲಸವನ್ನು ನನ್ನ ಕಚೇರಿಯವರಿಗೆ ಕೊಡಬಹುದಿತ್ತು. ಕೊಡಲಿಲ್ಲ. ಇನ್ನೊಬ್ಬರು ಇದನ್ನು ನೋಡುವುದು ನನಗೆ ಬೇಡವಾಗಿತ್ತು. ಬಾಗಿಲು ಹಾಕಿಕೊಂಡು, ಮನೆಯ ಕೊಳಕು ಬಟ್ಟೆ ಬಚ್ಚಿಡುವವಳ ಹಾಗೆ, ನಾನೇ ಗೆರೆ ಎಳೆಯುತ್ತ ಕೂತೆ.

ಮನೆಯಲ್ಲಿ ಪ್ರಕರಣದ ವಿಷಯ ಮಾತಾಡುವಂತಿಲ್ಲ. ಆದರೂ ಭಾನುವಾರ ಗಂಡನನ್ನು ಸುಮ್ಮನೆ ಕೇಳಿದಂತೆ ಕೇಳಿದೆ. ಅವನು ಬೆಂಗಳೂರಿನವನು, ಸಾಫ್ಟ್‌ವೇರ್ ಕೆಲಸ. "ನಿಮ್ಮ ಆಫೀಸಲ್ಲಿ ಬೇರೆಯವರು ಬರೆದಿದ್ದನ್ನ ಹಾಗೇ ಎತ್ತಿ ಹಾಕಿದ್ರೆ ತಪ್ಪಾ?"

"ಅಯ್ಯೋ, ಅದೇ ನಮ್ ಕೆಲಸ. ರೀಯೂಸ್ ಅಂತೀವಿ. ಯಾರೂ ನಾಚ್ಕೊಳಲ್ಲ."

"ಯಾವತ್ತೂ?"

ಅವನು ಕಾಫಿ ಲೋಟ ಕೆಳಗಿಟ್ಟ. "ಟೆಸ್ಟ್ ಮಾಡ್ದೆ ಹಾಕಿದ್ರೆ ನಾಚ್ಕೋಬೇಕು. ನಮ್ ಡೇಟಾಗೆ ಓಡುತ್ತಾ ಅಂತ ನೋಡ್ಬೇಕಲ್ವಾ. ಯಾಕೆ?"

"ಸುಮ್ನೆ," ಎಂದೆ.

ಕಾನೂನೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ನ್ಯಾಯಾಧೀಶರು ಒಬ್ಬರ ವಾದವನ್ನು ಒಪ್ಪಬಹುದು, ಅವರ ಮಾತನ್ನೂ ಬಳಸಬಹುದು. ಆದರೆ ಇನ್ನೊಬ್ಬರ ವಾದಕ್ಕೆ ತಮ್ಮ ಮನಸ್ಸನ್ನು ಕೊಟ್ಟಿದ್ದಾರೆಂದು ಓದುವವರಿಗೆ ಕಾಣಬೇಕು. ಇಲ್ಲಿ ಕಾಣುತ್ತಿರಲಿಲ್ಲ. ತಾಯಿ ಇದನ್ನು ಕಂಡುಹಿಡಿದಿರಲಿಲ್ಲ, ಕಂಡದ್ದು ನನಗೆ. ಹಾಗಾಗಿ ಎರಡೂ ಕಡೆಯವರಿಗೆ ತಿಳಿಸಿ, ಅವರ ಉತ್ತರ ಕೇಳದೆ ನಾನು ಮುಂದೆ ಹೋಗುವಂತಿರಲಿಲ್ಲ. ತಿಳಿಸಿದ ಕೂಡಲೇ ಅದು ದಾಖಲೆಗೆ ಸೇರುತ್ತದೆ, ನನ್ನ ಗುರುವಿನ ಕಿವಿಗೂ ಬೀಳುತ್ತದೆ. ಹಾಗೆ ತಿಳಿಸುವ ಪತ್ರಕ್ಕೆ ಸಹಿ ಹಾಕುವುದನ್ನು ನಾನು ಒಂದೊಂದೇ ದಿನ ಮುಂದಕ್ಕೆ ಹಾಕುತ್ತಿದ್ದೆ.

ಅಷ್ಟರಲ್ಲಿ ನಿವೃತ್ತರಾಗುತ್ತಿದ್ದ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಊಟದಲ್ಲಿ ನನ್ನ ಗುರುವೇ ಎದುರಾದರು. ತಟ್ಟೆ ಹಿಡಿದು ನನ್ನ ಪಕ್ಕ ಬಂದು ನಿಂತರು. ಮೊದಲಿಗಿಂತ ಸಣ್ಣಗಾಗಿದ್ದರು, ಕಾಲರು ಸಡಿಲವಾಗಿತ್ತು.

"ನನ್ನದೊಂದು ನಿನ್ನ ಹತ್ತಿರ ಬಂದಿದೆಯಂತೆ," ಎಂದರು, ನಗುತ್ತ. "ಮೆಲ್ಲಗೆ ಹೊಡಿ, ಲಾ," ಎಂದು ಸಿಂಗಪುರದವರ ಧಾಟಿಯಲ್ಲಿ ಸೇರಿಸಿದರು.

ನಾನು ನಕ್ಕೆ. ಮಾತಾಡಬಾರದೆಂದು ಹೇಳಬೇಕಿತ್ತು, ಕನಿಷ್ಠ ಅಲ್ಲಿಂದ ಸರಿಯಬೇಕಿತ್ತು. ನಾನು ನಕ್ಕು, ನೂಡಲ್ಸ್ ಚೆನ್ನಾಗಿದೆ ಎಂದೆ. ಕಚೇರಿಗೆ ವಾಪಸಾದ ಕೂಡಲೇ ಆ ಪತ್ರಕ್ಕೆ ಸಹಿ ಹಾಕಿದೆ. ಧೈರ್ಯದಿಂದ ಹಾಕಿದ್ದಲ್ಲ. ಆ ನಗುವಿನಿಂದ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತ್ತು.

ಎರಡನೇ ವಿಚಾರಣೆಯಲ್ಲಿ ಮೊದಲು ನಾನೇ ಮಾತಾಡಿದೆ. ಕೆಳಗಿನ ನ್ಯಾಯಾಧೀಶರು ನನಗೆ ಕೆಲಸ ಕಲಿಸಿದವರು ಎಂದೆ. ಊಟದಲ್ಲಿ ಸಿಕ್ಕಿ ಹೀಗೆ ಹೇಳಿದರು, ನಾನು ಉತ್ತರ ಕೊಡಲಿಲ್ಲ, ಆದರೆ ನಕ್ಕೆ, ಎಂದೂ ಹೇಳಿದೆ. ನಾನು ಈ ಪ್ರಕರಣ ಬಿಡಬೇಕೆಂದು ಯಾರಿಗಾದರೂ ಅನ್ನಿಸಿದರೆ ಈಗ ಹೇಳಿ ಎಂದು ಕೇಳಿದೆ. ನನ್ನ ಗುರುವಿನ ಒಂದು ಹಗುರ ಮಾತನ್ನು ಮೂವರು ಅಪರಿಚಿತರ ಮುಂದೆ ಬಿಚ್ಚಿಡುವಾಗ ನನ್ನ ಧ್ವನಿ ನನಗೇ ಬೇರೆಯಾಗಿ ಕೇಳುತ್ತಿತ್ತು.

ವಕೀಲೆ ತಮ್ಮ ಕಕ್ಷಿದಾರರ ಜೊತೆ ಪಿಸುಗುಟ್ಟಿ, ಆಕ್ಷೇಪವಿಲ್ಲ ಎಂದರು.

"ನಿಮಗೆ ಬರೆಯೋದಕ್ಕೆ ಅವರೇ ಕಲಿಸಿದ್ದಾ?" ಎಂದು ಕೇಳಿದರು ತಾಯಿ.

"ಹೌದು."

"ಹಾಗಾದರೆ ಯಾವುದು ಅವರು ಬರೆದದ್ದು, ಯಾವುದು ಅಲ್ಲ ಅಂತ ನಿಮಗೆ ಗೊತ್ತಾಗುತ್ತದೆ. ನೀವೇ ಇರಿ."

ವಕೀಲೆ ಒಳ್ಳೆಯ ವಾದ ಮಾಡಿದರು. ನಕಲಾಗಿದ್ದರೂ ಫಲಿತಾಂಶ ಸರಿಯೇ ಎಂದರು. ತಂದೆ ಮನೆಯಿಂದಲೇ ಕೆಲಸ ಮಾಡಿ ಮಗುವನ್ನು ನೋಡಿಕೊಂಡವರು. ತಾಯಿಯ ಪ್ರಯೋಗಗಳು ಹೊತ್ತಲ್ಲದ ಹೊತ್ತಿಗೆ ಮುಗಿಯುತ್ತವೆ. ದುಬೈನಲ್ಲಿ ಮಗುವಿನ ಅತ್ತೆಯ ಮನೆಯಿದೆ, ಅದೇ ವಯಸ್ಸಿನ ಮಕ್ಕಳಿದ್ದಾರೆ. ಇದೆಲ್ಲ ಸುಳ್ಳಲ್ಲ ಎಂಬುದು ದಾಖಲೆಯಲ್ಲೂ ಇತ್ತು. ತಂದೆ ಕೆಟ್ಟವರಲ್ಲ. ತಾಯಿ ಮಾತಾಡುವಾಗ ಒಮ್ಮೆಯೂ ಅಡ್ಡ ಬರಲಿಲ್ಲ.

ತೀರ್ಪು ನಿಲ್ಲುವುದಿಲ್ಲ ಎಂಬುದು ಸ್ಪಷ್ಟವಿತ್ತು. ಮುಂದೇನು ಎಂಬುದು ಸ್ಪಷ್ಟವಿರಲಿಲ್ಲ. ದಾಖಲೆಯ ಮೇಲೆ ನಾನೇ ಹೊಸದಾಗಿ ತೀರ್ಮಾನಿಸಬಹುದು, ಇಲ್ಲವೇ ಬೇರೊಬ್ಬ ನ್ಯಾಯಾಧೀಶರ ಮುಂದೆ ಮೊದಲಿನಿಂದ ವಿಚಾರಣೆಗೆ ಕಳಿಸಬಹುದು. ಎರಡನೆಯದಕ್ಕೆ ತಿಂಗಳುಗಳು ಹಿಡಿಯುತ್ತವೆ.

"ದಯವಿಟ್ಟು ನೀವೇ ಹೇಳಿಬಿಡಿ," ಎಂದರು ತಾಯಿ. "ಗೆದ್ದರೂ ಸರಿ, ಸೋತರೂ ಸರಿ. ಅವಳು ದಿನಾ ಕೇಳುತ್ತಾಳೆ, ನಾನು ಮುಂದಿನ ವರ್ಷ ಯಾವ ಸ್ಕೂಲಿಗೆ ಹೋಗೋದು ಅಂತ."

ಆಶ್ಚರ್ಯವೆಂದರೆ ತಂದೆಯೂ ಅದನ್ನೇ ಕೇಳಿದರು. ಇಡೀ ಪ್ರಕರಣದಲ್ಲಿ ಅವರಿಬ್ಬರೂ ಒಪ್ಪಿದ ಒಂದೇ ಮಾತು ಅದು.

ಆದರೂ ನಾನು ಮರುವಿಚಾರಣೆಗೆ ಕಳಿಸಿದೆ. ಯಾರೋ ಒಬ್ಬರು ಆ ತಾಯಿತಂದೆಯರನ್ನೂ ಥೆರಪಿಸ್ಟರನ್ನೂ ಕಣ್ಣಾರೆ ನೋಡಿ, ಮಗುವಿನ ಜೊತೆ ಕೂತು ಮಾತಾಡಿ ನಿರ್ಧರಿಸಬೇಕು, ಕಾಗದದಿಂದ ಆಗುವ ಕೆಲಸವಲ್ಲ ಎಂದು ಕಾರಣ ಬರೆದೆ. ಅದು ಸರಿಯಾದ ಕಾರಣ. ಆದರೆ ನಾನು ಬರೆಯದ ಇನ್ನೊಂದು ಕಾರಣವೂ ಇತ್ತು. ಈ ಇಡೀ ಕೆಲಸದಿಂದ ಕೈ ತೊಳೆದುಕೊಳ್ಳಬೇಕು ಎನಿಸಿತ್ತು. ನನ್ನ ಗುರುವಿನ ತೀರ್ಪನ್ನು ಕಿತ್ತು, ಅದೇ ಜಾಗದಲ್ಲಿ ನನ್ನದನ್ನು ಇಡಲು ಮನಸ್ಸು ಬರಲಿಲ್ಲ. ಎರಡರಲ್ಲಿ ಯಾವುದು ಎಷ್ಟು ಭಾರವಿತ್ತು ಎಂದು ಈಗಲೂ ಪ್ರಾಮಾಣಿಕವಾಗಿ ಹೇಳಲಾರೆ.

ಉಳಿದದ್ದು ಒಂದು ಪದ. ಮೊದಲ ಕರಡಿನಲ್ಲಿ "ಗಣನೀಯವಾಗಿ ಅಳವಡಿಸಿಕೊಂಡಿದ್ದಾರೆ" ಎಂದು ಬರೆದಿದ್ದೆ. ಕಾನೂನಿನವರಿಗೆ ಅರ್ಥವಾಗುತ್ತಿತ್ತು, ಉಳಿದವರು ದಾಟಿಕೊಂಡು ಹೋಗುತ್ತಿದ್ದರು. ಎರಡನೇ ಕರಡಿನಲ್ಲಿ ಇಡೀ ಭಾಗವನ್ನೇ ಬಿಟ್ಟು, ಥೆರಪಿಸ್ಟರ ಸಾಕ್ಷ್ಯವನ್ನು ಪರಿಗಣಿಸಿಲ್ಲ ಎಂಬ ಒಂದೇ ಆಧಾರದ ಮೇಲೆ ನಿಲ್ಲಿಸಿ ನೋಡಿದೆ. ಚೆನ್ನಾಗಿಯೇ ನಿಲ್ಲುತ್ತಿತ್ತು. ಯಾರೂ ಪ್ರಶ್ನಿಸುತ್ತಿರಲಿಲ್ಲ. ನನ್ನ ಗುರುವಿನ ಹೆಸರಿಗೆ ಏನೂ ಅಂಟುತ್ತಿರಲಿಲ್ಲ. ಎರಡು ದಿನ ಆ ಕರಡು ನನ್ನ ಮೇಜಿನ ಮೇಲಿತ್ತು. ಆದರೆ ತಾಯಿ ನನ್ನ ಮುಂದೆ ಇಟ್ಟಿದ್ದ ದೂರು ಥೆರಪಿಸ್ಟರ ಬಗ್ಗೆ ಅಲ್ಲ. ನಾನು ಹೇಳಿದ್ದು ಯಾವುದೂ ಇಲ್ಲ, ಎಂದಿದ್ದರು. ಅದಕ್ಕೆ ಉತ್ತರ ಕೊಡದೆ ಬಿಟ್ಟರೆ ನಾನೂ ಆಕೆಯ ಮಾತನ್ನು ತೀರ್ಪಿನಿಂದ ಹೊರಗೆ ಇಟ್ಟ ಹಾಗೆ ಆಗುತ್ತಿತ್ತು. ಮೂರನೇ ಕರಡಿನಲ್ಲಿ "ನಕಲು" ಎಂದು ಬರೆದೆ. ಹೋಲಿಕೆಯ ಪ್ಯಾರಾಗಳನ್ನು ಅನುಬಂಧವಾಗಿ ಸೇರಿಸಿದೆ.

ತೀರ್ಪು ಹೊರಬಿದ್ದ ಮೇಲೆ ಕಾರಿಡಾರಿನಲ್ಲಿ ನಾನು ಕಂಡರೆ ಮಾತು ನಿಲ್ಲುತ್ತಿತ್ತು. ಕೆಲವರು ನನ್ನನ್ನು ಹೊಗಳಿದರು, ಅದು ಇನ್ನೂ ಕಷ್ಟವಾಗಿತ್ತು. ನನ್ನ ಗುರು ಅವಧಿಗೆ ಮೊದಲೇ ನಿವೃತ್ತಿ ಕೇಳಿ ಪಡೆದರು. ಕೆಲವು ತಿಂಗಳ ನಂತರ ನಾನು ವುಡ್‌ಲ್ಯಾಂಡ್ಸ್‌ನಲ್ಲಿ ಒಂದು ಬಹುಮಹಡಿ ಕಟ್ಟಡದಲ್ಲಿದ್ದ ಅವರ ಫ್ಲ್ಯಾಟಿಗೆ ಹೋದೆ. ಫೋನ್ ಮಾಡಿದರೆ ಬೇಡ ಎಂದಾರು ಎಂಬ ಭಯಕ್ಕೆ ಹಾಗೆಯೇ ಹೋದೆ. ಬಾಗಿಲಿನ ಕಬ್ಬಿಣದ ಗೇಟಿನ ಸಂದಿಯಿಂದ ನನ್ನನ್ನು ನೋಡಿ, ಆಮೇಲೆ ಬೀಗ ತೆಗೆದರು.

ಒಳಗೆ ಅವರ ಹೆಂಡತಿ ಕುರ್ಚಿಯಲ್ಲಿ ಕೂತಿದ್ದರು. ಹಿಂದೆ ನನಗೆ ಎಷ್ಟೋ ಸಲ ಊಟ ಬಡಿಸಿದವರು. ಈಗ ನನ್ನ ಗುರುತು ಸಿಗಲಿಲ್ಲ. ಯಾರ ಗುರುತೂ ಸಿಗುತ್ತಿಲ್ಲ ಎಂದರು ನನ್ನ ಗುರು. ಆಗಲೇ ನಾಲ್ಕು ವರ್ಷವಾಗಿತ್ತಂತೆ. ಒಂದೇ ಊರಿನಲ್ಲಿ ಒಂದೇ ವೃತ್ತಿಯಲ್ಲಿ ಇದ್ದೂ ನನಗೆ ಗೊತ್ತಿರಲಿಲ್ಲ. ಒಮ್ಮೆಯೂ ಕೇಳಿರಲಿಲ್ಲ.

"ಮೊದಲೇ ಗೊತ್ತಿದ್ದರೆ," ಎಂದು ಶುರು ಮಾಡಿದೆ.

"ಗೊತ್ತಿದ್ದರೆ ಏನು ಮಾಡುತ್ತಿದ್ದೆ? ಮೆಲ್ಲಗೆ ಬರೆಯುತ್ತಿದ್ದೆಯಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಅವಳ ಕಾಯಿಲೆ ಕಾರಣ ಅಲ್ಲ. ಎಲ್ಲರೂ ಹಾಗೆ ಅಂದುಕೊಳ್ಳಲಿ ಅಂತ ಬಿಟ್ಟಿದ್ದೇನೆ. ನಾನು ಅದಕ್ಕೆ ಮೊದಲೇ ಕೇಳುವುದನ್ನು ನಿಲ್ಲಿಸಿದ್ದೆ. ಬೆಳಿಗ್ಗೆಯೇ ಯಾರು ಸರಿ ಅಂತ ತೀರ್ಮಾನ ಆಗಿಬಿಡುತ್ತಿತ್ತು. ಆಮೇಲೆ ಬರೆಯುವುದು ಬರೀ ಟೈಪಿಂಗ್."

ಚಹಾ ಕೊಟ್ಟರು. ಕುಡಿದೆ. ಏಳುವಾಗ ಅವರು ಹೇಳಿದರು, "ನೀನು ಬರೆದದ್ದು ಸರಿಯಾಗಿತ್ತು. ಆದರೆ ಇನ್ನು ಬರಬೇಡ. ಅವಳಿಗೆ ನೀನು ಹೊಸಬಳು, ಹೊಸಬರು ಬಂದರೆ ಗಾಬರಿಯಾಗುತ್ತಾಳೆ." ಅದು ಹೆಂಡತಿಗಾಗಿ ಮಾತ್ರ ಹೇಳಿದ ಮಾತಲ್ಲ ಎಂದು ನನಗೆ ಗೊತ್ತಾಯಿತು. ಲಿಫ್ಟಿನಲ್ಲಿ ಕೆಳಗೆ ಬಂದು, ಕಟ್ಟಡದ ಬುಡದಲ್ಲಿ ತೆರೆದು ಬಿಟ್ಟ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಬಸ್ಸು ಹಿಡಿದೆ.

ಮರುವಿಚಾರಣೆಯಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ. ಮತ್ತೆ ಮೇಲ್ಮನವಿ ಬಂದಿಲ್ಲ ಎಂಬುದಷ್ಟು ತಿಳಿದಿತ್ತು. ತಾಯಿ ಗೆದ್ದಿರಬೇಕು ಎಂದುಕೊಂಡು ಒಳಗೊಳಗೇ ಸಮಾಧಾನಪಟ್ಟಿದ್ದೆ.

ಆಮೇಲೊಂದು ಸಂಜೆ ಲಿಟಲ್ ಇಂಡಿಯಾದ ದಿನಸಿ ಅಂಗಡಿಯಲ್ಲಿ ಯಾರೋ "ಮೇಡಂ" ಎಂದರು. ಆ ಮಗುವಿನ ತಾಯಿ. ಬುಟ್ಟಿಯಲ್ಲಿ ಕುಚ್ಚಲಕ್ಕಿ, ಒಣಮೆಣಸು, ಒಂದು ಡಬ್ಬಿ ಚಾಕೊಲೇಟ್ ಇತ್ತು.

"ಮಗಳು ಹೇಗಿದ್ದಾಳೆ?" ಎಂದೆ, ಕನ್ನಡದಲ್ಲಿ.

"ದುಬೈಲಿದಾಳೆ. ನಾನು ಸೋತೆ ಮೇಡಂ, ನಿಮ್ಗೆ ಗೊತ್ತಿಲ್ವಾ?"

"ಅಪೀಲ್ ಹಾಕಲಿಲ್ಲವಲ್ಲ," ಎಂದೆ.

"ಏನಂತ ಹಾಕ್ಲಿ? ನಾನ್ ಹೇಳಿದ್ದೆಲ್ಲ ಬರ್ದಿದ್ರು. ತೊದಲೋದು, ಥೆರಪಿ, ಬಸ್ಸಲ್ಲಿ ಪ್ರಾಕ್ಟೀಸ್ ಮಾಡೋದು, ಎಲ್ಲ. ಆಮೇಲೆ ಯಾಕ್ ಸಾಲಲ್ಲ ಅಂತಾನೂ ಬರ್ದಿದ್ರು. ಅವ್ಳನ್ನ ಕೂರಿಸ್ಕೊಂಡು ಮಾತಾಡಿದ್ರು. ಅಪ್ಪನ್ ಜೊತೆ ಹೋಗ್ತೀನಿ ಅಂದ್ಲಂತೆ." ಅವರು ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಮೊದಲ್ನೇ ಸಲ ನಾನ್ ಕೋರ್ಟಿಗೆ ಹೋಗೇ ಇರ್ಲಿಲ್ಲ ಅನ್ಸಿತ್ತು. ಈ ಸಲ ಹೋಗಿ ಸೋತೆ. ಅದಾದ್ರೂ ಗೊತ್ತಾಯ್ತು."

ನನ್ನೊಳಗೆ ಏನೋ ಹಗುರವಾಗತೊಡಗಿತ್ತು. ಅಷ್ಟರಲ್ಲಿ ಅವರು ಮುಂದುವರಿಸಿದರು.

"ಆದ್ರೆ ಮೇಡಂ, ಮಧ್ಯ ಒಂದು ವರ್ಷ ಆಯ್ತಲ್ಲ. ಎಲ್ಲಿರ್ತೀನಿ ಅಂತಾನೇ ಅವ್ಳಿಗೆ ಗೊತ್ತಿರ್ಲಿಲ್ಲ. ಆ ವರ್ಷದಲ್ಲೇ ತೊದಲು ಜಾಸ್ತಿ ಆಗಿದ್ದು. ಈಗ ಫೋನಲ್ಲಿ ಅಮ್ಮ ಅನ್ನೋಕೂ ಕಷ್ಟಪಡ್ತಾಳೆ."

"ಕ್ಷಮಿಸಿ," ಎಂದೆ. ಯಾರ ಪರವಾಗಿ ಹೇಳಿದೆನೋ ನನಗೇ ಸ್ಪಷ್ಟವಿರಲಿಲ್ಲ.

"ಶುಕ್ರವಾರ ರಜೆಗೆ ಬರ್ತಿದಾಳೆ," ಎಂದು ಅವರು ತೆಂಗಿನಕಾಯಿ ಆರಿಸಲು ಅಂಗಡಿಯವನ ಕಡೆ ತಿರುಗಿದರು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡತೊಡಗಿದರು. ನಾನು ನನ್ನ ಬುಟ್ಟಿಯನ್ನು ಬೇಳೆಯ ಮೂಟೆಗಳ ಪಕ್ಕದಲ್ಲೇ ಇಟ್ಟು, ಏನೂ ಕೊಳ್ಳದೆ ಹೊರಗೆ ಬಂದೆ.